ಉಪ್ಪು ಗಾಳೀಲಿ ಸಿಎನ್‌ಸಿ ಹೋಮಿಂಗ್: ಕೊನೆಗೂ ನಿಂತಿದ್ದು ಪ್ರಾಕ್ಸಿಮಿಟಿನೇ

ಈ ಮಳೆಗಾಲ ಪೂರ್ತಿ ನನ್ನ ಸಿಎನ್‌ಸಿ (ಕಂಪ್ಯೂಟರ್ ನಡೆಸೋ ಕೆತ್ತನೆ ಮಷಿನ್) ಒಂದೇ ಒಂದ್ಸಲ ಹೋಮಿಂಗ್ ತಪ್ಪಿಲ್ಲ ಮಾರಾಯ್ರೆ, ಅಂದ್ರೆ ತನ್ನ ಸೊನ್ನೆ ಜಾಗ ತಾನೇ ಹುಡುಕ್ಕೊಳ್ಳೋದು, ಅದಕ್ಕೇ ಬರೀತಿದೀನಿ. ಕುಮಟಾದಲ್ಲಿ ಸಮುದ್ರದಿಂದ ಒಂದು ಕಿಲೋಮೀಟರ್ ಒಳಗೇ ನನ್ನ ಶೆಡ್ಡು, ಜಿಆರ್‌ಬಿಎಲ್ ರೌಟರ್ (ಜಿಆರ್‌ಬಿಎಲ್ ಅಂದ್ರೆ ಮಷಿನ್ ನಡೆಸೋ ಬೋರ್ಡಿನ ಸಾಫ್ಟ್‌ವೇರ್), ಸಾಗವಾನಿ ಹಲಸಲ್ಲಿ ಬಾಗಿಲ ಪಟ್ಟಿ, ದೇವರ ಮಂಟಪದ ಕೆತ್ತನೆ. ಆರು ತಾಸಿನ ಕೆಲ್ಸ ನಾಲ್ಕನೇ ತಾಸಿಗೆ ಕರೆಂಟ್ ಹೋಗಿ ನಿಂತ್ರೆ, ಹೋಮ್ ಅದೇ ಜಾಗಕ್ಕೆ ಬಂದ್ರೆ ಮಾತ್ರ ಮುಂದುವರಿಸ್ಬಹುದು, ಇಲ್ಲಾಂದ್ರೆ ಹಲಗೆ ಬಚ್ಚಲ ಒಲೆಗೆ.

ಆ ಜಾಗ ಗುರುತಿಸೋಕೆ ಮೊದ್ಲು ಹಾಕಿದ್ದು ಮೂವತ್ತು ರೂಪಾಯಿ ಮೈಕ್ರೋಸ್ವಿಚ್, ಲಿವರ್ ಒತ್ತಿದ್ರೆ ಕೆಲ್ಸ ಮಾಡೋ ಸಣ್ಣ ಸ್ವಿಚ್. ಬೇಸಿಗೇಲಿ ಚೆನ್ನಾಗೇ ಇತ್ತು, ಮಳೆ ಹಿಡಿದ್ಮೇಲೆ ಕಾಂಟ್ಯಾಕ್ಟ್ ಕಪ್ಪಾಯ್ತು, ಲಿವರ್ ಸಂದೀಲಿ ಮರದ ಪುಡಿ ಗಟ್ಟಿಯಾಗಿ ಕೂತ್ಕೊಳ್ತು. ನಾರ್ಮಲಿ ಓಪನ್ (ಒತ್ತಿದಾಗ ಮಾತ್ರ ಕರೆಂಟ್ ಹರಿಯೋದು) ಹಾಕಿದ್ದು ದೊಡ್ಡ ತಪ್ಪು, ಡ್ರ್ಯಾಗ್ ಚೈನಲ್ಲಿ (ಓಡಾಡೋ ವೈರ್ ಹಿಡಿದಿಡೋ ಸರಪಳಿ) ವೈರ್ ಕಡಿದಿದ್ದು ಗೊತ್ತೇ ಆಗ್ಲಿಲ್ಲ, ಗ್ಯಾಂಟ್ರಿ (ಸ್ಪಿಂಡಲ್ ಹೊತ್ತು ಓಡೋ ಅಡ್ಡ ತೊಲೆ) ಹೋಗಿ ತುದಿಗೆ ಗುದ್ದಿ ಕಪ್ಲಿಂಗ್ ಹೋಯ್ತು, ಎರಡು ಸಾವಿರದ ಮೇಲಿನ ಸಾಗವಾನಿ ಹಲಗೆನೂ ಹೋಯ್ತು. ಬೆಳಕಿನಿಂದ ಗುರುತಿಸೋ ಆಪ್ಟಿಕಲ್ ಸೆನ್ಸರ್ ತಂದೆ, ಧೂಳಿಗೆ ಹದಿನೈದು ದಿನ ಬರ್ಲಿಲ್ಲ. ಮ್ಯಾಗ್ನೆಟ್ ಗುರುತಿಸೋ ಹಾಲ್ ಸೆನ್ಸರ್‌ಗೆ ಆಸೆ ಇತ್ತು, ಆದ್ರೆ ಅದೇ ಶೆಡ್ಡಲ್ಲಿ ಗ್ರೈಂಡರ್ ಓಡತ್ತೆ, ಮ್ಯಾಗ್ನೆಟ್ಟಿಗೆ ಕಬ್ಬಿಣದ ಪುಡಿ ಮೀಸೆ ಥರ ಅಂಟ್ಕೊಂಡು ಜಾಗ ಬದಲಾಯಿಸ್ತಿತ್ತು.

ಪ್ರಾಕ್ಸಿಮಿಟಿ (ಮುಟ್ಟದೇ ಲೋಹ ಗುರುತಿಸೋ ಸೆನ್ಸರ್) ಅಂದಾಗ ಎಲ್ರೂ ಬೇಡ ಅಂದ್ರು, ಫಾಲ್ಸ್ ಟ್ರಿಗರ್, ಅಂದ್ರೆ ಸುಮ್ಸುಮ್ನೇ ಸಿಗ್ನಲ್ ಕೊಡತ್ತೆ ಅಂತ. ಐದು ವೋಲ್ಟಲ್ಲಿ ಓಡಿಸಿದ್ರೆ ಕೊಡತ್ತೆ, ನಂಗೂ ಕೊಡ್ತು, ಅದು 6ರಿಂದ 36 ವೋಲ್ಟಿನ ಸಾಮಾನು! 12 ವೋಲ್ಟ್ ಕೊಟ್ಟು, ಸಿಗ್ನಲ್‌ನ ಪಿಸಿ817 ಆಪ್ಟೋಕಪ್ಲರ್ (ಬೆಳಕಿನಲ್ಲಿ ಸಿಗ್ನಲ್ ದಾಟಿಸೋ ಚಿಪ್) ಮೂಲಕ ಬೋರ್ಡಿಗೆ ತಂದ್ಮೇಲೆ ಎಲ್ಲಾ ಶಾಂತ. ತಗೊಳ್ಳೋವಾಗ ಈ ಸೆನ್ಸರ್ ಮಾಡೆಲ್ ಎಲ್‌ಜೆ12ಎ3ಯ ಕೊನೇ ಅಕ್ಷರ ನೋಡಿ, ಎಎಕ್ಸ್ ಅಂದ್ರೆ ನಾರ್ಮಲಿ ಕ್ಲೋಸ್ಡ್ (ಯಾವಾಗ್ಲೂ ಕರೆಂಟ್ ಹರೀತಿದ್ದು, ಟ್ರಿಗರ್ ಆದಾಗ ನಿಲ್ಲೋದು), ಬಿಎಕ್ಸ್ ಅಂದ್ರೆ ಓಪನ್. ಅಂಗಡಿಯವ್ರು ಬಿಎಕ್ಸ್ ಕಳ್ಸಿದ್ರು, ನೋಡ್ದೇ ಎರಡು ದಿನ ತಲೆ ಕೆಡಿಸ್ಕೊಂಡೆ. ಈಗಿರೋದು ಎಎಕ್ಸ್, ವೈರ್ ಕಡಿದ್ರೂ ಮಷಿನ್ ನಿಲ್ಲತ್ತೆ. ಜಿಆರ್‌ಬಿಎಲ್ ಸೆಟ್ಟಿಂಗಲ್ಲಿ $5=1 ಮಾಡಿ, ಲಿಮಿಟ್ ಸಿಗ್ನಲ್ಲನ್ನ ಉಲ್ಟಾ ಓದ್ಲಿ ಅಂತ. ಆಮೇಲೆ ಅಲಾರಂ 8 (ಹಿಂದೆ ಸರಿದ್ರೂ ಸೆನ್ಸರ್ ಬಿಟ್ಟಿಲ್ಲ ಅನ್ನೋ ದೂರು) ಬರ್ತಿತ್ತು, ಸೆನ್ಸರ್ ಆಫ್ ಆಗೋಕೆ ಆನ್ ಆದ ಜಾಗಕ್ಕಿಂತ ಸ್ವಲ್ಪ ಹಿಂದೆ ಬರ್ಬೇಕಲ್ಲ, ಹಿಂದೆ ಸರಿಯೋ ದೂರ $27ನ್ನ ಒಂದರಿಂದ ಮೂರು ಮಿಮೀಗೆ ಏರಿಸ್ದೆ, ಮುಗೀತು.

ಸುಮ್ನೆ ಕುತೂಹಲಕ್ಕೆ ಅಳತೆ ಮಾಡ್ದೆ. ಕಬ್ಬಿಣದ ಬೋಲ್ಟ್ ಮೂರೂವರೆ ಮಿಮೀ ದೂರದಲ್ಲೇ ಸಿಗತ್ತೆ, ಅಲ್ಯೂಮಿನಿಯಂ ಒಂದೂವರೆಗೆ ಬರ್ಬೇಕು. ಸೆನ್ಸರ್ ಎದುರಿಗೆ ಬರೋ ನನ್ನ ಪ್ಲೇಟ್ ಅಲ್ಯೂಮಿನಿಯಂ, ಹಂಗಾಗಿ ಎಂ8 ಬೋಲ್ಟ್ ಒಂದನ್ನ ಕೂರಿಸಿದೀನಿ, ಅದು ಸೆನ್ಸರ್ ಮುಂದೆ ಅಡ್ಡ ಹಾಯತ್ತೆ, ಎದುರಿಂದ ಬಂದು ಗುದ್ದಲ್ಲ. ಡಯಲ್ ಗೇಜ್ ಇಟ್ಟು ಇಪ್ಪತ್ತು ಸಲ ಹೋಮ್ ಮಾಡ್ದೆ, 0.02-0.03 ಮಿಮೀ ಒಳಗೇ ಬಂತು. ಮರಕ್ಕೆ ಇನ್ನೆಷ್ಟು ಬೇಕು?

ಸ್ಪಿಂಡಲ್ ವಿಎಫ್‌ಡಿ (ಮೋಟಾರ್ ವೇಗ ಬದಲಿಸೋ ಡ್ರೈವ್) ಶುರುವಾದಾಗ ಅದರ ಗದ್ದಲಕ್ಕೆ ಹಾರ್ಡ್ ಲಿಮಿಟ್ ಬೀಳ್ತಿತ್ತು, ಅಂದ್ರೆ ತುದಿ ತಲುಪಿದೆ ಅಂತ ಮಷಿನ್ ನಿಂತುಬಿಡ್ತಿತ್ತು. ಶೀಲ್ಡೆಡ್ ಕೇಬಲ್, ಶೀಲ್ಡ್ ಒಂದೇ ತುದೀಲಿ ಅರ್ತ್, ಜೊತೆಗೆ ಒಂದು ಸಣ್ಣ ಕೆಪಾಸಿಟರ್. ಅದರ ವ್ಯಾಲ್ಯೂ, ಎಲ್ಲಿ ಹಾಕಿದೀನಿ ಅನ್ನೋದು ಮೂರು ವಾರ ಕೂತು ಕಂಡ್ಕೊಂಡಿದ್ದು, ಅದು ನನ್ ಹತ್ರಾನೇ ಇರ್ಲಿ. ಎರಡು ಸೆನ್ಸರ್, ಕೇಬಲ್, ಬಿಡಿ ಸಾಮಾನು ಎಲ್ಲಾ ಸೇರಿ ಸಾವಿರದ ಆಸುಪಾಸು.

ಝೆಡ್‌ಗೆ (ಮೇಲೆ-ಕೆಳಗಿನ ಚಲನೆ) ಜಾಗ ಸಾಲ್ದೆ ಇನ್ನೂ ಮೈಕ್ರೋಸ್ವಿಚ್ಚೇ ಇದೆ, ಅದೂ ನಾರ್ಮಲಿ ಕ್ಲೋಸ್ಡ್. ಹಳೇ ಸಿಎನ್‌ಸಿ ಶೀಲ್ಡ್ (ಆರ್ಡುಯಿನೋ ಮೇಲೆ ಕೂರೋ ಬೋರ್ಡ್) ಇದ್ದೋರು ಗಮನಿಸಿ, ಅದರ ಮೇಲೆ ಝೆಡ್ ಲಿಮಿಟ್ 11ನೇ ಪಿನ್ ಅಂತ ಇರತ್ತೆ, ಜಿಆರ್‌ಬಿಎಲ್ 1.1ಕ್ಕೆ ಅದು 12.