ಸೆಲ್ಲಾರ್‌ಗೆ ಮಳೆನೀರು, ಪಿಟ್ ನೀರು ನುಗ್ಗಿದ್ರೆ ಏನ್ ಮಾಡ್ಬೇಕು? ನಮ್ ಕೊಡಗಿನ ಮಳೆಗೆ ತಕ್ಕ ಹಾಗೆ

ಮಳೆ ಸ್ವಲ್ಪ ಬಿಡುವು ಕೊಟ್ಟ ತಕ್ಷಣ ಎಲ್ರೂ ಓಡೋದು ಪಂಪ್ ಹುಡುಕೋಕೆ. ಪಂಪ್ ಆಮೇಲೆ. ಮೊದ್ಲು ಕೆಳಗೆ ನಿಂತಿರೋದು ಯಾವ ನೀರು ಅಂತ ನೋಡ್ಕೊಳ್ಳಿ, ಮುಂದಿನ ಕೆಲ್ಸ ಎಲ್ಲಾ ಅದ್ರ ಮೇಲೇ ನಿಂತಿರುತ್ತೆ.

ನಮ್ಮಲ್ಲಿ ಮೂರು ಥರ ಇದೆ. ಕುಶಾಲನಗರದ ಸಾಯಿ ಬಡಾವಣೆ, ಕುವೆಂಪು ಬಡಾವಣೆ, ಕೆಳಗೆ ಕರಡಿಗೋಡು, ನೆಲ್ಯಹುದಿಕೇರಿ, ಈ ಕಡೆಗೆಲ್ಲ ಬರೋದು ಹೊಳೆ ನೀರು, 2018, 2019ರ ಆಗಸ್ಟ್ ನೋಡಿದವ್ರಿಗೆ ಬೇರೆ ಹೇಳ್ಬೇಕಾಗಿಲ್ಲ. ಮಡಿಕೇರಿ ಥರ ಇಳಿಜಾರಲ್ಲಿ, ರೋಡ್ ಲೆವೆಲ್‌ಗೆ ಮನೆ ಅದರ ಕೆಳಗೊಂದು ಫ್ಲೋರ್ ಅಂತ ಕಟ್ಟಿರೋ ಕಡೆ ಹಿಂದಿನ ಗೋಡೆಯಿಂದ ಒರತೆ ನೀರು ಬಸಿಯುತ್ತೆ, ಅದು ತಿಳಿಯಾಗಿರುತ್ತೆ, ಎಷ್ಟು ಎತ್ತಿದ್ರೂ ಮಾರನೇ ದಿನ ಅಷ್ಟೇ ಇರುತ್ತೆ. ಮೂರನೇದು ಟಾಯ್ಲೆಟ್ ಪಿಟ್ ಅಥವಾ ಚರಂಡಿ ನೀರು, ಕೆಳಗಿನ ಬಾತ್‌ರೂಮಿನ ಕಮೋಡಿಂದಾನೋ ನೆಲದ ಜಾಲರಿಯಿಂದಾನೋ ಉಕ್ಕಿ ಬರೋದು. ಹೊಳೆ ನೀರು ಬಂದಿದ್ರೂ ಅದ್ರಲ್ಲಿ ಪಿಟ್ ನೀರು ಸೇರಿಲ್ಲ ಅಂತ ಅಂದ್ಕೋಬೇಡಿ. ನೆಲ ಪೂರ್ತಿ ನೀರು ಕುಡಿದಿರುವಾಗ ಊರಿನ ಇಂಗುಗುಂಡಿಗಳೆಲ್ಲ ತುಂಬಿ ಒಂದಕ್ಕೊಂದು ಸೇರಿಬಿಟ್ಟಿರುತ್ತೆ. ಒರತೆ ನೀರು ಒಂದನ್ನ ಬಿಟ್ಟು ಮಿಕ್ಕಿದ್ದೆಲ್ಲಾ ಗಲೀಜು ನೀರು ಅಂತಾನೇ ಲೆಕ್ಕ.

ಇಳಿಯೋಕೆ ಮುಂಚೆ ಮನೆ ಹಿಂದಿನ ಬರೆ, ಅಂದ್ರೆ ಕಡಿದಾದ ಮಣ್ಣಿನ ದಿಬ್ಬ, ನೋಡಿ. ಬರೆ ಮೇಲೆ ಹೊಸ ಬಿರುಕು, ಸಿಲ್ವರ್ ಓಕ್ ಮರ ಅಥವಾ ಕರೆಂಟ್ ಕಂಬ ವಾಲಿರೋದು, ಇಷ್ಟು ದಿನ ತಿಳಿಯಾಗಿ ಬರ್ತಿದ್ದ ಒರತೆ ಇದ್ದಕ್ಕಿದ್ದ ಹಾಗೆ ಕೆಂಪಾಗೋದು, ಬಾಗಿಲು ಕಿಟಕಿ ಫ್ರೇಮಿಗೆ ಹಿಡಿಯೋದು, ಇದ್ರಲ್ಲಿ ಒಂದು ಕಂಡ್ರೂ ಸೆಲ್ಲಾರ್ ಹಾಗೇ ಇರ್ಲಿ. ಮನೆಯವರನ್ನೆಲ್ಲ ಕರ್ಕೊಂಡು ಹೊರಗೆ ಬನ್ನಿ, ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೆ ಫೋನ್ ಮಾಡಿ. ಸಾಮಾನು ತರೋಕೆ ಅಂತ ಮತ್ತೆ ಒಳಗೆ ಹೋಗ್ಲೇಬೇಡಿ.

ಆಮೇಲೆ ಕರೆಂಟ್. ಮೇನ್ ಸ್ವಿಚ್ ಮೇಲಿನ ಫ್ಲೋರಲ್ಲಿ ಒಣ ಜಾಗದಲ್ಲಿದ್ರೆ ಆಫ್ ಮಾಡಿ, ನೀರಲ್ಲಿ ನಿಂತು ಆಫ್ ಮಾಡ್ಬೇಕಾದ ಜಾಗದಲ್ಲಿದ್ರೆ ಮುಟ್ಟೋದೇ ಬೇಡ, ಕರೆಂಟ್ ಸಹಾಯವಾಣಿ 1912ಕ್ಕೆ ಹೇಳಿ ಅಥವಾ ಲೈನ್‌ಮ್ಯಾನ್ ಕೈಲಿ ಕಂಬದಲ್ಲೇ ತೆಗೆಸಿ. ಇಲ್ಲಿ ತುಂಬಾ ಜನ ಮರೆಯೋದು ಇನ್ವರ್ಟರ್. ನಮ್ಮೂರಲ್ಲಿ ಮಳೆಗಾಲ ಅಂದ್ರೆ ಕರೆಂಟ್ ಇಲ್ಲ ಅಂತಾನೇ ಅರ್ಥ, ಹಾಗಾಗಿ ಮನೆಮನೆಗೂ ಇನ್ವರ್ಟರ್ ಇದೆ, ಎಷ್ಟೋ ಕಡೆ ಬ್ಯಾಟರಿ ಇಟ್ಟಿರೋದು ಸೆಲ್ಲಾರಲ್ಲೇ ಇಲ್ಲಾ ಮೆಟ್ಟಿಲ ಕೆಳಗೆ. ಮೇನ್ ತೆಗೆದ್ರೂ ಅದರಿಂದ ವೈರಿಂಗಿಗೆ 230 ವೋಲ್ಟ್ ಹೋಗ್ತಾನೇ ಇರುತ್ತೆ. ಅದನ್ನೂ ಆಫ್ ಮಾಡಿದ್ದೀವಿ ಅಂತ ಗ್ಯಾರಂಟಿ ಆಗದೆ ಯಾರೂ ಕಾಲಿಡ್ಬಾರ್ದು.

ಬಾಗಿಲು ಕಿಟಕಿ ತೆಗೆದು ಗಾಳಿ ಆಡೋಕೆ ಬಿಡಿ, ಗ್ಯಾಸ್ ವಾಸನೆ ಇದೆಯಾ ನೋಡಿ, ಸಿಲಿಂಡರ್ ತೇಲಿ ಪೈಪ್ ಕಿತ್ಕೊಂಡಿರಬಹುದು. ಕೊಳೆತ ಮೊಟ್ಟೆ ವಾಸನೆ ಬಂದ್ರೆ ಅದು ಪಿಟ್ ಗ್ಯಾಸು, ಅದು ಜಾಸ್ತಿ ಇದ್ದಾಗ ಮೂಗಿಗೆ ವಾಸನೇನೇ ಗೊತ್ತಾಗಲ್ಲ, ಅದಕ್ಕೇ ಅದು ಜೀವ ತೆಗೆಯೋದು. ಹಾವು ಸೇರ್ಕೊಂಡಿರಬಹುದು, ಉದ್ದ ಕೋಲಲ್ಲಿ ತಟ್ಟಿ ನೋಡ್ಕೊಂಡು ಹೋಗಿ, ಕಂಡ್ರೆ ಹಾವು ಹಿಡಿಯೋರಿಗೆ ಹೇಳಿ. ಮೊಣಕಾಲುದ್ದದ ಗಮ್‌ಬೂಟು, ದಪ್ಪ ರಬ್ಬರ್ ಗ್ಲೌಸು, ಮಾಸ್ಕು ಹಾಕ್ಕೊಳ್ಳಿ. ಕಾಲಲ್ಲಿ ಗಾಯ ಇರೋರು, ಮಕ್ಕಳು, ಬಸುರಿ ಹೆಂಗಸರು ಈ ಕೆಲ್ಸಕ್ಕೆ ಬೇಡ.

ಒಂದು ಸಾಮಾನೂ ಅಲುಗಾಡಿಸೋಕೆ ಮುಂಚೆ ಫೋಟೋ, ವಿಡಿಯೋ ತೆಗೆದಿಡಿ. ಗೋಡೆ ಮೇಲೆ ನೀರು ನಿಂತ ಗೆರೆ ಕಾಣ್ಬೇಕು, ಸಾಮಾನೆಲ್ಲ ಬಿದ್ದಿರೋ ಹಾಗೇ ಕಾಣ್ಬೇಕು. ಗ್ರಾಮ ಆಡಳಿತ ಅಧಿಕಾರಿ ಬಂದು ಮಹಜರು ಮಾಡೋವಾಗ ಕ್ಲೀನ್ ಆಗಿರೋ ಸೆಲ್ಲಾರ್ ತೋರಿಸಿ ನಷ್ಟ ಆಗಿದೆ ಅಂದ್ರೆ ಯಾರು ಬರ್ಕೊಳ್ತಾರೆ? ಇನ್ಶೂರೆನ್ಸ್ ಇದ್ರೂ ಅಷ್ಟೇ.

ಈಗ ಪಂಪ್. ಇಲ್ಲಿ ಅವಸರ ಮಾಡಿದ್ರೆ ಗೋಡೇನೇ ಹೋಗುತ್ತೆ. ಹೊರಗಿನ ಮಣ್ಣು ನೀರು ಕುಡಿದು ಗೋಡೆಯನ್ನ ಒಳಗೆ ತಳ್ತಿರುತ್ತೆ, ಒಳಗಿರೋ ನೀರು ವಾಪಸ್ ತಳ್ತಿರುತ್ತೆ. ಒಂದೇ ಏಟಿಗೆ ಒಳಗಿಂದು ಖಾಲಿ ಮಾಡಿದ್ರೆ ತಡೆಗೋಡೆ ಬಿರುಕು ಬಿಡುತ್ತೆ, ಕೆಲವು ಸಲ ಒಳಗೇ ಬೀಳುತ್ತೆ, ನೆಲಾನೂ ಉಬ್ಬಿ ಎದ್ದೇಳುತ್ತೆ. ಹೊರಗಿನ ನೀರು ಇಳಿದ ಮೇಲೆ ಮೊದಲ ದಿನ ಒಂದಡಿ ಎತ್ತಿ, ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ ನಿಲ್ಲಿಸಿ. ಬೆಳಗ್ಗೆ ನೀರು ಗೆರೆಗಿಂತ ಮೇಲೆ ಬಂದಿದ್ರೆ ಹೊರಗಿಂದ ಇನ್ನೂ ಬರ್ತಿದೆ ಅಂತ, ಒಂದು ದಿನ ಕಾಯಿರಿ. ಬರದೇ ಇದ್ರೆ ದಿನಕ್ಕೆ ಎರಡು ಮೂರು ಅಡಿಯಷ್ಟು ಇಳಿಸ್ತಾ ಬನ್ನಿ. ಪಾದ ಮುಳುಗೋವಷ್ಟೇ ನೀರಿದ್ರೆ ಈ ತಲೆನೋವಿಲ್ಲ, ಒಂದೇ ದಿನ ಎತ್ತಬಹುದು.

ತೋಟ ಇರೋರ ಹತ್ರ ಸ್ಪ್ರಿಂಕ್ಲರ್ ಪಂಪ್ ಸೆಟ್ ಇದ್ದೇ ಇರುತ್ತೆ, ಎಲ್ರಿಗೂ ಕೈಗೆ ಸಿಗೋದು ಅದೇ. ಆದ್ರೆ ಅದು ತಿಳಿ ನೀರಿಗೆ ಮಾಡಿರೋ ಪಂಪು, ಕೆಸರು ಮರಳು ಎಳೆದ್ರೆ ಇಂಪೆಲ್ಲರ್ರೂ ಸೀಲೂ ತಿಂದುಹೋಗುತ್ತೆ, ಆಮೇಲೆ ಫೆಬ್ರವರಿ ಮಾರ್ಚಲ್ಲಿ ಕಾಫಿ ಹೂವಿಗೆ ನೀರು ಹಾರಿಸೋ ಟೈಮಲ್ಲಿ ಕೈ ಕೊಡುತ್ತೆ. ಕಟ್ಟಡ ಕಂಟ್ರಾಕ್ಟರ್ ಹತ್ರ ಕೆಸರು ಎತ್ತೋ ಪಂಪ್ ಬಾಡಿಗೆಗೆ ಸಿಕ್ಕಿದ್ರೆ ಅದನ್ನೇ ತನ್ನಿ. ಬೇರೆ ಗತಿ ಇಲ್ಲ ಅಂದ್ರೆ ನೀರೆಳೆಯೋ ಪೈಪಿನ ತುದಿಯ ಫುಟ್ ವಾಲ್ವನ್ನ ತೂತಿರೋ ಪ್ಲಾಸ್ಟಿಕ್ ಬುಟ್ಟಿಯೊಳಗಿಟ್ಟು, ಬುಟ್ಟಿಗೆ ನರ್ಸರಿ ಶೇಡ್ ನೆಟ್ ಎರಡು ಸುತ್ತು ಸುತ್ತಿ, ನೆಲಕ್ಕೆ ತಾಗದ ಹಾಗೆ ಎರಡು ಇಟ್ಟಿಗೆ ಮೇಲೆ ಕೂರಿಸಿ, ತಳದ ಕೆಸರನ್ನ ಕೈಯಲ್ಲೇ ಎತ್ಕೊಳ್ಳಿ. ಎಂಜಿನ್ ಪಂಪ್ ಆಗ್ಲಿ ಜನರೇಟರ್ ಆಗ್ಲಿ ಸೆಲ್ಲಾರ್ ಒಳಗೆ, ಬಾಗಿಲ ಹತ್ರ, ಕಿಟಕಿ ಹತ್ರ ಇಡ್ಲೇಬಾರ್ದು. ಆ ಹೊಗೆಯಲ್ಲಿರೋ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ತಲೆ ಸುತ್ತಿತು ಅನ್ನೋ ಹೊತ್ತಿಗೆ ಮೆಟ್ಟಿಲು ಹತ್ತೋ ಶಕ್ತಿ ಇರಲ್ಲ. ಎತ್ತಿದ ನೀರನ್ನ ಕೆಳಗಿನ ಬರೆ ಮೇಲೆ ಬಿಡಬೇಡಿ, ಮೊದ್ಲೇ ಸಡಿಲ ಆಗಿರೋ ಮಣ್ಣು ಕೆಳಗಿನ ಮನೆಯವರ ಮೇಲೆ ಹೋಗುತ್ತೆ. ಗಲೀಜು ನೀರಾದ್ರೆ ತೋಡಿಗೂ (ಹಳ್ಳಕ್ಕೂ), ಬಾವಿ ಹತ್ರಾನೂ ಬೇಡ.

ಪಿಟ್ ವಿಷ್ಯ ಬೇರೇನೇ ಹೇಳ್ಬೇಕು. ಉಕ್ಕಿದೆ ಅಂದ ತಕ್ಷಣ ಸಕ್ಕಿಂಗ್ ಗಾಡಿ ಕರೆಸಿ ಪೂರ್ತಿ ಖಾಲಿ ಮಾಡಿಸಬೇಡಿ. ಸುತ್ತ ಮಣ್ಣು ನೀರಾಗಿರುವಾಗ ಖಾಲಿ ಟ್ಯಾಂಕು, ಅದ್ರಲ್ಲೂ ಪ್ಲಾಸ್ಟಿಕ್ ಫೈಬರ್ ಟ್ಯಾಂಕು, ಮೇಲೆದ್ದು ಪೈಪೆಲ್ಲ ಕಿತ್ಕೊಳ್ಳುತ್ತೆ, ಗೋಡೆ ಕಟ್ಟಿದ ಪಿಟ್ ಆದ್ರೆ ಒಳಗೆ ಕುಸಿಯುತ್ತೆ. ನೆಲದ ನೀರು ಇಳಿಯೋವರೆಗೂ ಫ್ಲಶ್, ವಾಷಿಂಗ್ ಮೆಷಿನ್ ಎಲ್ಲಾ ಆದಷ್ಟು ಕಮ್ಮಿ ಮಾಡಿ, ತೀರಾ ಬೇಕಾದ್ರೆ ಸ್ವಲ್ಪ ಮಾತ್ರ ತೆಗೆಸಿ. ಮತ್ತೆ, ಎಷ್ಟೇ ದುಡ್ಡು ಕೊಡ್ತೀನಿ ಅಂದ್ರೂ ಒಬ್ಬ ಮನುಷ್ಯನನ್ನ ಪಿಟ್ ಒಳಗೆ ಇಳಿಸೋದು 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆ ಪ್ರಕಾರ ಅಪರಾಧ. ಕಾಯ್ದೆ ಇಲ್ದಿದ್ರೂ ಅದನ್ನ ಮಾಡ್ಬಾರ್ದು. ಇಳಿದವನೊಬ್ಬ, ಅವನನ್ನ ಎತ್ತೋಕೆ ಇಳಿದವನು ಇನ್ನೊಬ್ಬ, ಹಾಗೇ ಜನ ಸಾಯ್ತಾರೆ.

ನೀರು ಹೋದ ಮೇಲೆ ಕೆಸರು. ಒಣಗೋಕೆ ಬಿಡಬೇಡಿ, ಹಸಿ ಇರುವಾಗ್ಲೇ ಸಲಿಕೆಯಲ್ಲಿ ಎಳೆದು ಬಾಂಡ್ಲಿಗೆ ತುಂಬಿ ಹೊರಗೆ ಹಾಕಿ, ಗಟ್ಟಿಯಾದ್ರೆ ಗೋಡೆಗೆ ಸಿಮೆಂಟ್ ಥರ ಅಂಟ್ಕೊಳ್ಳುತ್ತೆ. ಆಮೇಲೆ ಸೋಪು ನೀರು ಹಾಕಿ ಗೀಚಿ ಉಜ್ಜಿ, ಮೇಲಿಂದ ಕೆಳಕ್ಕೆ, ನೀರಿನ ಗೆರೆಗಿಂತ ಒಂದೆರಡು ಅಡಿ ಮೇಲಿನಿಂದ್ಲೇ ಶುರು ಮಾಡಿ. ಇಷ್ಟೆಲ್ಲಾ ಆದ ಮೇಲೇನೇ ಬ್ಲೀಚಿಂಗ್. ಕೆಸರಿನ ಮೇಲೇನೇ ಬಿಳಿ ಪುಡಿ ಎರಚಿ ಹೋಗೋದನ್ನ ಎಲ್ಲಾ ಕಡೆ ನೋಡ್ತೀವಿ, ಅದ್ರಿಂದ ವಾಸನೆ ಒಂದು ಬದಲಾಗುತ್ತೆ ಅಷ್ಟೇ, ಇರೋ ಕ್ಲೋರಿನ್ನೆಲ್ಲಾ ಕೆಸರೇ ತಿಂದ್ಹಾಕುತ್ತೆ, ಕೆಳಗಿರೋ ರೋಗಾಣುಗೆ ಏನೂ ಆಗಲ್ಲ.

ಅಳತೆ ಹೇಳ್ತೀನಿ. ಒಳ್ಳೆ ಬ್ಲೀಚಿಂಗ್ ಪೌಡರಲ್ಲಿ ಸುಮಾರು 33 ಪರ್ಸೆಂಟ್ ಕ್ಲೋರಿನ್ ಇರುತ್ತೆ, 10 ಲೀಟರ್ ನೀರಿಗೆ 150 ಗ್ರಾಂ ಹಾಕಿದ್ರೆ ಅರ್ಧ ಪರ್ಸೆಂಟ್ ದ್ರಾವಣ ಆಗುತ್ತೆ, ಪಿಟ್ ನೀರು ನಿಂತಿದ್ದ ನೆಲ ಗೋಡೆಗೆ ಅದು ಸಾಕು. ಪ್ಲಾಸ್ಟಿಕ್ ಬಕೆಟಲ್ಲಿ ಕಲಸಿ, ಸ್ವಲ್ಪ ಹೊತ್ತು ಬಿಟ್ಟು ಮೇಲಿನ ತಿಳಿ ಮಾತ್ರ ತಗೊಂಡು ನೆಲ ಚೆನ್ನಾಗಿ ಒದ್ದೆ ಆಗೋ ಹಾಗೆ ಹಾಕಿ, ಅರ್ಧ ಗಂಟೆ ಬಿಟ್ಟು ತೊಳೆಯಿರಿ. ಹೋದ ವರ್ಷದ ಅರ್ಧ ಪ್ಯಾಕೆಟ್ ಇದೆ ಅಂತ ಅದನ್ನ ನಂಬ್ಕೋಬೇಡಿ, ನಮ್ ಹವೆಗೆ ತೇವ ಎಳೆದು ಅದ್ರ ಶಕ್ತಿ ಹೋಗಿರುತ್ತೆ. ಟಾಯ್ಲೆಟ್ ಕ್ಲೀನರ್ ಅಥವಾ ಆಸಿಡ್ ಜೊತೆ ಬ್ಲೀಚಿಂಗ್ ಸೇರಿದ್ರೆ ಕ್ಲೋರಿನ್ ಗ್ಯಾಸ್ ಬರುತ್ತೆ, ಮುಚ್ಚಿದ ಸೆಲ್ಲಾರಲ್ಲಿ ಉಸಿರೇ ಕಟ್ಟುತ್ತೆ.

ಇದಕ್ಕಿಂತ ಮುಖ್ಯವಾದ್ದು ಇನ್ನೊಂದಿದೆ, ಕಾಫಿ ಬೆಳೆಗಾರರ ಮನೆಗಳಿಗೆ. ಸೆಲ್ಲಾರಲ್ಲಿ ಯೂರಿಯಾ ಮೂಟೆ, ಗೊಬ್ಬರ ಇಟ್ಟಿರ್ತೀವಲ್ವಾ, ಅದು ಕರಗಿ ನೆಲಕ್ಕೆಲ್ಲಾ ಹರಡಿರುತ್ತೆ. ಅದ್ರ ಮೇಲೆ ಬ್ಲೀಚಿಂಗ್ ಬಿದ್ರೆ ವಿಷದ ಗ್ಯಾಸು ಹುಟ್ಟುತ್ತೆ. ಆ ಜಾಗಾನ ಬರೀ ನೀರಲ್ಲಿ ಮತ್ತೆ ಮತ್ತೆ ತೊಳೆದು, ಉಪ್ಪಿನಂಥ ಬಿಳಿ ಪುಡಿ ಒಂಚೂರೂ ಕಾಣದ ಹಾಗಾದ ಮೇಲೆ ಬ್ಲೀಚಿಂಗ್. ಕೀಟನಾಶಕದ ಡಬ್ಬಿ ಒಡೆದಿದ್ರೆ ಅಲ್ಲಿಗೆ ಬರಿಗೈಲಿ ಹೋಗ್ಬೇಡಿ, ಆ ನೀರನ್ನ ತೋಡಿಗೆ ಬಿಡಬೇಡಿ, ಕೃಷಿ ಇಲಾಖೆಯವರನ್ನ ಕೇಳಿ.

ಸಾಮಾನಿನ ವಿಷ್ಯದಲ್ಲಿ ಮನಸ್ಸು ಗಟ್ಟಿ ಮಾಡ್ಕೋಬೇಕು. ಹಾಸಿಗೆ, ದಿಂಬು, ಸೋಫಾ, ಪ್ಲೈವುಡ್ ಕಪಾಟು ಗಲೀಜು ನೀರು ಕುಡಿದಿದ್ರೆ ಉಳಿಯಲ್ಲ. ಅಕ್ಕಿ, ಬೇಳೆ, ಚೀಲದಲ್ಲಿದ್ದ ಕಾಫಿ, ಕರಿಮೆಣಸು ಕೂಡ ಹೋಯ್ತು ಅಂತಾನೇ ಬಿಡಿ, ಒಣಗಿಸಿ ಮಾರೋ ಯೋಚನೆ ಬೇಡ, ಅದನ್ನ ತಿನ್ನೋರು ಯಾರದೋ ಮನೆ ಮಕ್ಕಳು. ಬೀಟೆ, ತೇಗ, ಹಲಸಿನ ಮರದ ಹಳೇ ಸಾಮಾನು ಮಾತ್ರ ಗಟ್ಟಿ, ತೊಳೆದು ನೆರಳಲ್ಲಿ ನಿಧಾನಕ್ಕೆ ಒಣಗಿಸಿ, ಒಲೆ ಹತ್ರ ಇಟ್ರೆ ಸೀಳುತ್ತೆ. ಆಸ್ತಿ ಪತ್ರ, ಹಳೇ ಫೋಟೋ ಒದ್ದೆ ಆಗಿದ್ರೆ ಎಳೆದು ಬಿಡಿಸೋಕೆ ಹೋಗ್ಬೇಡಿ, ತಿಳಿ ನೀರಲ್ಲಿ ಮೆಲ್ಲಗೆ ಅದ್ದಿ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಫ್ರೀಜರಲ್ಲಿಡಿ, ಬೂಷ್ಟು ಬರೋದು ನಿಲ್ಲುತ್ತೆ, ಪುರುಸೊತ್ತಾದಾಗ ಒಂದೊಂದೇ ಒಣಗಿಸಬಹುದು. ಕೋವಿ, ತೋಟೆ ನೆಂದಿದ್ರೆ ಬೆಂಕಿ ಹತ್ರ ಒಣಗಿಸೋದು ಬೇಡ್ವೇ ಬೇಡ, ಗೊತ್ತಿರೋ ಕೋವಿ ರಿಪೇರಿಯವರಿಗೆ ತೋರಿಸಿ.

ನಮ್ಮಲ್ಲಿ ನಿಜವಾದ ಕಷ್ಟ ಒಣಗಿಸೋದ್ರಲ್ಲಿದೆ. ಬೇರೆ ಊರವರು ಬರೆಯೋ ಸಲಹೆ ನೋಡಿದ್ರೆ ಕಿಟಕಿ ತೆಗೆದಿಡಿ, ಎರಡು ದಿನದಲ್ಲಿ ಒಣಗುತ್ತೆ ಅಂತಿರುತ್ತೆ. ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ಮಡಿಕೇರಿಯಲ್ಲಿ ಕಿಟಕಿ ತೆಗೆದ್ರೆ ಒಳಗೆ ಬರೋದು ಮಂಜು. ಸೆಲ್ಲಾರ್ ಗೋಡೆ ತಣ್ಣಗಿರೋದ್ರಿಂದ ಹೊರಗಿನ ತೇವದ ಗಾಳಿ ಅದಕ್ಕೆ ತಾಗಿ ಇನ್ನೂ ನೀರಾಗುತ್ತೆ. ಬೂಷ್ಟು ಹಿಡಿಯೋಕೆ ಒಂದೆರಡು ದಿನ ಸಾಕು. ಅದಕ್ಕೆ ಮಳೆ, ಮಂಜು ಇರುವಾಗ ಎಲ್ಲಾ ಮುಚ್ಚಿ ತೇವ ಎಳೆಯೋ ಡಿಹ್ಯುಮಿಡಿಫೈಯರ್ ಓಡಿಸಿ, ನಾಲ್ಕೈದು ಮನೆಯವರು ಸೇರಿ ಒಂದು ತಗೊಂಡ್ರೂ ಉಪಯೋಗಕ್ಕೆ ಬರುತ್ತೆ. ಬಿಸಿಲು ಬಿದ್ದ ಹೊತ್ತಲ್ಲಿ ಮಾತ್ರ ಕಿಟಕಿ ತೆಗೆದು, ಫ್ಯಾನನ್ನ ಹೊರಗೆ ಮುಖ ಮಾಡಿ ಇಡಿ. ಈ ಎರಡೂ ಒಟ್ಟಿಗೆ ಮಾಡಿದ್ರೆ ಕರೆಂಟ್ ಬಿಲ್ ಬಿಟ್ಟು ಇನ್ನೇನೂ ಬರಲ್ಲ. ಸೆಲ್ಲಾರಿನ ಬೋರ್ಡು ಸ್ವಿಚ್ಚೆಲ್ಲ ಎಲೆಕ್ಟ್ರೀಷಿಯನ್ ನೋಡಿದ ಮೇಲೇ ಕರೆಂಟ್ ಕೊಡಿ. ಬಟ್ಟೆ ಒಣಗಿಸೋ ಹಾಗೆ ಕೆಂಡ ತುಂಬಿ ಸೆಲ್ಲಾರಲ್ಲಿಟ್ಟು ಬಾಗಿಲು ಹಾಕೋ ಅಭ್ಯಾಸ ಕೆಲವು ಕಡೆ ಇದೆ, ಅದೂ ಜನರೇಟರ್ ಹೊಗೆಯಷ್ಟೇ ಅಪಾಯ.

ಪೇಂಟ್ ಈಗ್ಲೇ ಹೊಡೆಸಬೇಡಿ, ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬಕ್ಕೆ ಮನೆ ಚೆಂದ ಕಾಣ್ಲಿ ಅಂತ ಹೊಡೆಸಿದ್ರೆ ನವೆಂಬರ್-ಡಿಸೆಂಬರಿನ ಪುತ್ತರಿ ಹಬ್ಬದ ಹೊತ್ತಿಗೆ ಗುಳ್ಳೆ ಎದ್ದು ಉದುರುತ್ತೆ. ಒಂದಡಿ ಅಗಲದ ಪ್ಲಾಸ್ಟಿಕ್ ಶೀಟನ್ನ ಗೋಡೆಗೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ, ಒಂದು ಪೂರ್ತಿ ದಿನ ಬಿಟ್ಟು ನೋಡಿ. ಒಳಗಡೆ ಬೆವರಿದ್ರೆ ಗೋಡೆಯಲ್ಲಿ ನೀರಿದೆ, ಇನ್ನೂ ಕಾಯ್ಬೇಕು.

ಕೆಲ್ಸ ಮಾಡಿದವರ ಆರೋಗ್ಯದ ಮೇಲೆ ಒಂದು ತಿಂಗಳು ಕಣ್ಣಿಡಿ. ಇಲಿ ಜ್ವರ ಬರೋದು ಇಲಿ ಮೂತ್ರ ಸೇರಿದ ನೀರು ಗಾಯಕ್ಕೆ ತಾಗಿದಾಗ, ಸಾಮಾನ್ಯವಾಗಿ ಒಂದೆರಡು ವಾರ ಬಿಟ್ಟು. ಜೋರು ಜ್ವರ, ಮೀನಖಂಡ ಹಿಡ್ಕೊಂಡ ಹಾಗೆ ನೋವು, ಕಣ್ಣು ಕೆಂಪು ಆದ್ರೆ ಮೆಡಿಕಲ್ ಶಾಪಿಂದ ಮಾತ್ರೆ ತಂದು ನುಂಗಿ ಮಲಗಬೇಡಿ, ಆಸ್ಪತ್ರೆಗೆ ಹೋಗಿ, ಹೋದಾಗ ನೆರೆ ನೀರಲ್ಲಿ ಕೆಲ್ಸ ಮಾಡಿದ್ದೆ ಅಂತ ಬಾಯಿಬಿಟ್ಟು ಹೇಳಿ, ಹೇಳದೆ ಡಾಕ್ಟರಿಗೆ ಗೊತ್ತಾಗಲ್ಲ. ಕೂಲಿಗೆ ಬಂದವರಿಗೂ ಈ ಮಾತು ಹೇಳಿ ಕಳಿಸಿ, ಅವರಿಗೂ ಬೂಟು ಗ್ಲೌಸು ಕೊಡಿ. ಮೊದ್ಲೇ ಮಾತ್ರೆ ತಗೋಬೇಕಾ ಅನ್ನೋದನ್ನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ, ಗಾಯ ಆಗಿದ್ರೆ ಧನುರ್ವಾಯು ಇಂಜೆಕ್ಷನ್ ಹಾಕಿಸ್ಕೊಳ್ಳಿ. ಬಾವಿಗೆ ನೆರೆ ನೀರು ಹೋಗಿದ್ರೆ ಪೂರ್ತಿ ಎತ್ತಿ, ಕ್ಲೋರಿನ್ ಹಾಕಿಸಿ, ಪಂಚಾಯಿತಿಗೆ ಹೇಳಿ ನೀರು ಟೆಸ್ಟ್ ಮಾಡಿಸೋವರೆಗೂ ಕುದಿಸದೆ ಕುಡಿಯಬೇಡಿ. ತೋಟದ ಔಷಧಿ ಸೇರಿರೋ ಅನುಮಾನ ಇದ್ರೆ ಕುದಿಸಿದ್ರೂ ಅದು ಹೋಗಲ್ಲ, ಆ ನೀರು ಬೇಡವೇ ಬೇಡ.

ಮುಂದಿನ ಮಳೆಗಾಲಕ್ಕೆ ಒಂದೇ ಒಂದು ಖರ್ಚು ಮಾಡೋದಾದ್ರೆ ಕೆಳಗಿನ ಬಾತ್‌ರೂಮಿನ ಲೈನಿಗೆ ನಾನ್ ರಿಟರ್ನ್ ವಾಲ್ವ್ ಹಾಕಿಸಿ, ಹೊರಗಿನ ನೀರು ವಾಪಸ್ ಬರಲ್ಲ. ಅದು ಮುಚ್ಚಿರುವಾಗ ನಿಮ್ಮನೆ ನೀರೂ ಹೊರಗೆ ಹೋಗಲ್ಲ ಅನ್ನೋದು ನೆನಪಿರ್ಲಿ, ಮೇಲಿನ ಫ್ಲೋರಿನ ನೀರೂ ವಾಲ್ವಿಗೆ ಮುಂಚೆ ಅದೇ ಲೈನಿಗೆ ಸೇರೋದಾದ್ರೆ, ಅಲ್ಲಿ ಸ್ನಾನ ಮಾಡಿದ ನೀರು ಬಂದು ನಿಲ್ಲೋದು ಸೆಲ್ಲಾರಲ್ಲೇ. ಪ್ರತಿ ಮೇ ತಿಂಗಳು ಅದ್ರ ಮುಚ್ಚಳ ಬಿಚ್ಚಿ ಸಿಕ್ಕಿರೋ ಕಸ ತೆಗೆಸಿ, ಒಂದು ಚೂರು ಬಟ್ಟೆ ಸಿಕ್ಕಿದ್ರೂ ಅದು ಪೂರ್ತಿ ಮುಚ್ಚಲ್ಲ.