ಒಡೆದು ಎರಡಾದ ಟ್ಯಾಗ್
ಬ್ರೌಸರಿನ ಬುಕ್‌ಮಾರ್ಕ್‌ಗಳನ್ನೆಲ್ಲ ಎಚ್‌ಟಿಎಂಎಲ್ ಫೈಲ್ ಮಾಡಿ, ಮೊದಲ ಸಲ ಒಂದು ಸೋಷಿಯಲ್ ಬುಕ್‌ಮಾರ್ಕಿಂಗ್ ತಾಣಕ್ಕೆ (ಲಿಂಕುಗಳನ್ನು ಆನ್‌ಲೈನಿನಲ್ಲಿ ಕೂಡಿಟ್ಟು ಹಂಚಿಕೊಳ್ಳುವ ಜಾಗ) ಹಾಕಿದೆ. ಅದು ಸಲೀಸಾಗಿ ಆಯಿತು. ಆದರೆ 'ಕನ್ನಡ ವ್ಯಾಕರಣ' ಎಂದು ಟ್ಯಾಗ್ (ಲಿಂಕಿಗೆ ಅಂಟಿಸುವ ವಿಷಯದ ಚೀಟಿ) ಕೊಟ್ಟರೆ 'ಕನ್ನಡ' ಬೇರೆ, 'ವ್ಯಾಕರಣ' ಬೇರೆ! ಅರ್ಧ ಗಂಟೆ ಸುಮ್ನೆ ತಲೆ ಕೆರೆದುಕೊಂಡೆ. ಅಲ್ಲಿ ಖಾಲಿ ಜಾಗ ಬಿಟ್ಟರೆ ಹೊಸ ಟ್ಯಾಗ್ ಎಂದೇ ಲೆಕ್ಕವಂತೆ. ನಡುವೆ ಅಡ್ಡಗೆರೆ ಹಾಕಿ 'ಕನ್ನಡ-ವ್ಯಾಕರಣ' ಎಂದು ಬರೆದೆ, ನಿಂತಿತು. ಹಳೆಯವನ್ನು ಒಂದೊಂದಾಗಿ ತಿದ್ದಲಿಲ್ಲ. ಸೆಟ್ಟಿಂಗ್ಸ್‌ನಲ್ಲಿ 'ವ್ಯಾಕರಣ' ಟ್ಯಾಗಿನ ಹೆಸರನ್ನೇ ಬದಲಿಸಿದೆ, ಎಲ್ಲ ಕಡೆ ಬದಲಾಯಿತು.

ಆಮೇಲೆ ನೋಡಿದರೆ ನನ್ನ ಲಿಂಕುಗಳೆಲ್ಲ ಎಲ್ಲರಿಗೂ ಕಾಣುತ್ತಿವೆ, ಕೂದಲು ಉದುರುವುದಕ್ಕೆ ಮದ್ದು ಹುಡುಕಿದ್ದೂ ಸೇರಿ! ಸೋಷಿಯಲ್ ಅಂದಮೇಲೆ ಹಾಗೇ ಅಲ್ವಾ. ಎಲ್ಲವನ್ನೂ ಒಟ್ಟಿಗೆ ಆಯ್ದು ಪ್ರೈವೇಟ್ ಮಾಡಿದೆ. ಈಗ ಹಂಚಬೇಕು ಅನಿಸಿದ್ದನ್ನು ಮಾತ್ರ ಹೊರಗೆ ಬಿಡುತ್ತಿದ್ದೇನೆ.