‘ಚಾವಿ’ಯ ಜಾಡು: ರೊಮಾನ್ಸ್ ಭಾಷೆಗಳಲ್ಲಿ ಒಂದು ಪದದ ಮೂಲ ಹುಡುಕುವ ಬಗೆ

ಲ್ಯಾಟಿನ್ನಿನಿಂದ ಕವಲೊಡೆದ ಇಟಾಲಿಯನ್, ಸ್ಪ್ಯಾನಿಷ್, ಪೋರ್ಚುಗೀಸ್, ಫ್ರೆಂಚ್, ರೊಮೇನಿಯನ್ ಮುಂತಾದ ಭಾಷೆಗಳನ್ನು ರೊಮಾನ್ಸ್ ಭಾಷೆಗಳೆಂದು ಕರೆಯುತ್ತಾರೆ. ಇವುಗಳಲ್ಲಿ ಒಂದೇ ಪದ ಹೇಗೆ ಹಲವು ರೂಪ ತಳೆಯಿತೆಂದು ತಿಳಿಯಬಯಸುವವರು ಬೀಗದ ಕೈಯನ್ನು ಸೂಚಿಸುವ ಪದದಿಂದ ಆರಂಭಿಸುವುದು ಒಳ್ಳೆಯದು.

ಮೊದಲು ರೂಪಗಳನ್ನು ಉಚ್ಚಾರಣೆಯೊಂದಿಗೆ ಒಂದೇ ಹಾಳೆಯಲ್ಲಿ ಬರೆದುಕೊಳ್ಳಿ. ಇಟಾಲಿಯನ್ನಿನಲ್ಲಿ ‘ಕಿಯಾವೆ’, ಸ್ಪ್ಯಾನಿಷ್‌ನಲ್ಲಿ ‘ಯಾವೆ’, ಪೋರ್ಚುಗೀಸ್‌ನಲ್ಲಿ ‘ಶಾವೆ’, ಫ್ರೆಂಚ್‌ನಲ್ಲಿ ‘ಕ್ಲೆ’, ರೊಮೇನಿಯನ್ನಿನಲ್ಲಿ ‘ಕೆಯೆ’. ಬಳಿಕ ಲ್ಯಾಟಿನ್ ನಿಘಂಟನ್ನು ತೆರೆದರೆ ‘ಕ್ಲಾವಿಸ್’ ಎಂಬ ಪ್ರಥಮಾ ವಿಭಕ್ತಿಯ ರೂಪ ಕಾಣುತ್ತದೆ. ಆದರೆ ರೊಮಾನ್ಸ್ ನಾಮಪದಗಳು ಬಹುಮಟ್ಟಿಗೆ ದ್ವಿತೀಯಾ ವಿಭಕ್ತಿಯ ರೂಪದಿಂದ ಬಂದಿರುವುದರಿಂದ, ‘ಕ್ಲಾವೆಮ್’ ಎಂಬುದನ್ನು ಬರೆದುಕೊಂಡು ಕೊನೆಯ ಮಕಾರವನ್ನು ಬಿಟ್ಟು ನೋಡಬೇಕು.

ಮುಂದಿನ ಹೆಜ್ಜೆಯೇ ಈ ಕೆಲಸದ ಜೀವ. ‘ಯಾವೆ’ಗೂ ‘ಕ್ಲೆ’ಗೂ ಕಿವಿಗೆ ಯಾವ ಹೋಲಿಕೆಯೂ ಇಲ್ಲ, ಆದರೂ ಅವು ಒಡಹುಟ್ಟಿದವು ಎನ್ನಲು ಆಧಾರವೇನು? ‘ಪಾಲು’ ಹಾಲಾಗಿ, ‘ಪುಲಿ’ ಹುಲಿಯಾಗಿ, ‘ಪಾವು’ ಹಾವಾಗಿ ಸಾಲುಸಾಲಾಗಿ ಬದಲಾದದ್ದನ್ನು ಬಲ್ಲ ಕನ್ನಡಿಗರಿಗೆ ಉತ್ತರ ಹೊಸದಲ್ಲ: ಒಂದು ಪದದ ಹೋಲಿಕೆಯಲ್ಲ, ಹಲವು ಪದಗಳಲ್ಲಿ ಮರುಕಳಿಸುವ ನಿಯತವಾದ ಧ್ವನಿ ಬದಲಾವಣೆಯೇ ಸಾಕ್ಷಿ. ಆದ್ದರಿಂದ ಲ್ಯಾಟಿನ್ನಿನ ‘ಫ್ಲಾಮ್ಮಾ’ (ಜ್ವಾಲೆ) ಪದವನ್ನು ಪಕ್ಕದಲ್ಲಿಡಿ. ಅದು ಇಟಾಲಿಯನ್ನಿನಲ್ಲಿ ‘ಫಿಯಾಮ್ಮಾ’, ಸ್ಪ್ಯಾನಿಷ್‌ನಲ್ಲಿ ‘ಯಾಮಾ’, ಪೋರ್ಚುಗೀಸ್‌ನಲ್ಲಿ ‘ಶಾಮಾ’, ಫ್ರೆಂಚ್‌ನಲ್ಲಿ ‘ಫ್ಲಾಮ್’. ‘ತುಂಬಿದ’ ಎಂಬರ್ಥದ ‘ಪ್ಲೇನುಸ್’ ಕೂಡ ‘ಪಿಯೆನೊ’, ‘ಯೆನೊ’, ‘ಶೆಯು’, ‘ಪ್ಲೆಂ’ ಎಂದು ಅದೇ ದಾರಿಯಲ್ಲಿ ಸಾಗಿದೆ. ವ್ಯಂಜನದ ಬೆನ್ನಿಗೆ ಲಕಾರವಿದ್ದ ಪದಾದಿಯನ್ನು ಫ್ರೆಂಚ್ ಹಾಗೆಯೇ ಉಳಿಸಿಕೊಂಡಿತು, ಇಟಾಲಿಯನ್ ಲಕಾರವನ್ನು ಯಕಾರವಾಗಿಸಿತು, ಉಳಿದೆರಡು ಇಡೀ ಒತ್ತಕ್ಷರವನ್ನೇ ಕರಗಿಸಿದವು.

ಫ್ರೆಂಚ್ ರೂಪದ ಸ್ವರಕ್ಕೂ ಇದೇ ಪರೀಕ್ಷೆ ನಡೆಸಬಹುದು. ಕಡಲೆಂಬರ್ಥದ ‘ಮಾರೆ’ ಅಲ್ಲಿ ‘ಮೆರ್’ ಆಗಿರುವುದರಿಂದ ‘ಕ್ಲಾವೆ’ಯ ಆಕಾರ ಎಕಾರವಾದದ್ದು ಆಕಸ್ಮಿಕವಲ್ಲ. ಇದನ್ನು ಬರವಣಿಗೆಯಲ್ಲಿ ಇಂದಿಗೂ ಕೆಲವೊಮ್ಮೆ ಕೊನೆಗೆ ‘ಎಫ್’ ಸೇರಿಸಿ ಬರೆಯುವುದುಂಟು. ಉಚ್ಚಾರಣೆಯಲ್ಲಿಲ್ಲದ ಆ ಅಕ್ಷರ ಹಳೆಯ ವಕಾರದ ಗುರುತು.

ನಿಯಮಕ್ಕೆ ಒಗ್ಗದ ರೂಪ ಸಿಕ್ಕರೆ ಗಾಬರಿಯಾಗಬೇಕಿಲ್ಲ. ಸ್ಪ್ಯಾನಿಷ್‌ನಲ್ಲಿ ‘ಯಾವೆ’ಯ ಜೊತೆಗೆ ‘ಕ್ಲಾವೆ’ ಎಂಬ ಪದವೂ ಇದೆ. ಮೊದಲನೆಯದು ಜನರ ಬಾಯಲ್ಲಿ ಸವೆದು ಬಂದ ತದ್ಭವ, ಎರಡನೆಯದು ವಿದ್ವಾಂಸರು ಲ್ಯಾಟಿನ್ನಿನಿಂದ ನೇರವಾಗಿ ತಂದ ತತ್ಸಮ. ಅದಕ್ಕೆ ಗೂಢಲಿಪಿಯ ಸೂತ್ರ, ಒಗಟಿನ ಸುಳಿವು ಎಂಬ ಅಮೂರ್ತ ಅರ್ಥಗಳಿವೆ. ಇಂಗ್ಲಿಷಿನ ‘ಕೀ’ಯನ್ನು ಮಾತ್ರ ಈ ಪಟ್ಟಿಗೆ ಸೇರಿಸಬೇಡಿ, ಅದು ಲ್ಯಾಟಿನ್ ಮೂಲದ್ದಲ್ಲ.

ರೂಪ ಖಚಿತವಾದ ಮೇಲೆಯೇ ಅರ್ಥದತ್ತ ತಿರುಗಬೇಕು. ಸ್ಪ್ಯಾನರ್ ಎಂಬ ಅರ್ಥ ಇಟಾಲಿಯನ್, ಸ್ಪ್ಯಾನಿಷ್, ಪೋರ್ಚುಗೀಸ್, ಫ್ರೆಂಚ್ ನಾಲ್ಕರಲ್ಲೂ ಇದೆ. ಪೋರ್ಚುಗೀಸರು ಸ್ಕ್ರೂಡ್ರೈವರನ್ನೂ ಒಂದು ಬಗೆಯ ‘ಶಾವೆ’ ಎನ್ನುತ್ತಾರೆ. ರೊಮೇನಿಯನ್ನಿನಲ್ಲಿ ಇದರ ಬಹುವಚನವಾದ ‘ಕೆಯ್’ ಎಂದರೆ ಬೆಟ್ಟಗಳ ನಡುವಿನ ಇಕ್ಕಟ್ಟಾದ ಕಮರಿ. ನದಿ ಬಂಡೆಗಳನ್ನು ಕೊರೆದು ಹರಿಯುವ ಆ ಕಿರಿದಾದ ಹಾದಿಗೆ ಬೀಗದ ಕೈಯ ಹೆಸರು ಬಂದದ್ದು ನನಗಂತೂ ಈ ಪದದ ಬದುಕಿನ ಅತ್ಯಂತ ಸೊಗಸಾದ ತಿರುವೆನಿಸುತ್ತದೆ.

ಕೊನೆಯದಾಗಿ, ಬಳುವಳಿಯಾಗಿ ಬಂದದ್ದು ಯಾವುದು, ಎರವಲು ಯಾವುದು ಎಂದು ಬೇರ್ಪಡಿಸಿ. ಉತ್ತರ ಕರ್ನಾಟಕದಲ್ಲೂ ಕರಾವಳಿಯಲ್ಲೂ ಕೇಳಿಬರುವ ‘ಚಾವಿ’ ಪೋರ್ಚುಗೀಸರಿಂದ ಪಡೆದ ಎರವಲು. ಅವರು 1510ರಲ್ಲಿ ಗೋವೆಯನ್ನು ಹಿಡಿದಾಗ ಅವರ ನುಡಿಯಲ್ಲಿ ಈ ಪದದ ಮೊದಲ ಧ್ವನಿ ‘ಶ’ ಆಗಿರಲಿಲ್ಲ, ‘ಚ’ ಆಗಿತ್ತು. ಲಿಸ್ಬನ್ನಿನಲ್ಲಿ ಮುಂದೆ ಅದು ‘ಶ’ಕಾರಕ್ಕೆ ಮೆತ್ತಗಾಯಿತು, ಹುಬ್ಬಳ್ಳಿಯಲ್ಲಿ ‘ಚಾವಿ ಎಲ್ಲಿ ಇಟ್ಟೀರಿ?’ ಎಂದು ಕೇಳುವವರ ಬಾಯಲ್ಲಿ ಆ ಹಳೆಯ ಚಕಾರ ಇನ್ನೂ ಇದೆ.